ಗುರುವನ್ನು ಅರಸುವ ಪರಂಪರೆ: ಇಸ್ಲಾಮೀ ಇತಿಹಾಸದಲ್ಲಿ ಖಾಸಗಿ ಶಿಕ್ಷಕರು

ಪರೀಕ್ಷೆ ಹತ್ತಿರವಾಗುತ್ತಿದ್ದಂತೆ ನಮ್ಮ ಮೊಹಲ್ಲಾಗಳಲ್ಲಿ ತಂದೆ ತಾಯಂದಿರು ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆ ಒಂದೇ: “ಒಳ್ಳೆಯ ಟ್ಯೂಷನ್ ಎಲ್ಲಿ ಸಿಗುತ್ತದೆ?” ಹೈಸ್ಕೂಲಿನ ಮಕ್ಕಳಿಗೆ ಗಣಿತ ಮತ್ತು ವಿಜ್ಞಾನಕ್ಕೆ, ಪಿಯುಸಿಯವರಿಗೆ ಪ್ರವೇಶ ಪರೀಕ್ಷೆಗೆ, ಡಿಗ್ರಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಪ್ರಬಂಧ ಬರೆಯುವುದಕ್ಕೆ, ಹೀಗೆ ಪ್ರತಿಯೊಂದು ಹಂತದಲ್ಲೂ ಖಾಸಗಿ ಶಿಕ್ಷಕರ ಅಗತ್ಯ ಕಾಣುತ್ತಿದೆ. 2025ರಲ್ಲಿ ಪ್ರಕಟವಾದ ಕೇಂದ್ರ ಸರಕಾರದ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದ ಶಾಲಾ ಮಕ್ಕಳಲ್ಲಿ ಸುಮಾರು ಶೇ. 27ರಷ್ಟು ಮಂದಿ ಖಾಸಗಿ ಪಾಠಕ್ಕೆ ಹೋಗುತ್ತಾರೆ. ಹಣವಿದ್ದವರು ಹುಡುಕಿಕೊಳ್ಳುತ್ತಾರೆ. ಇಲ್ಲದವರ ಮಕ್ಕಳು ಹಿಂದೆ ಉಳಿಯುತ್ತಾರೆ.

ಇದು ಇಂದಿನ ಸಮಸ್ಯೆಯೆಂದು ನಾವು ಭಾವಿಸಿದ್ದೇವೆ. ಆದರೆ ಯೋಗ್ಯ ಗುರುವನ್ನು ಹುಡುಕುವುದು ಹೇಗೆ, ಆತನಿಂದ ಏನನ್ನು ಕಲಿಯಬೇಕು, ಏನನ್ನು ಕೇಳಬಾರದು, ಬಡ ವಿದ್ಯಾರ್ಥಿಯ ಹೊಣೆ ಯಾರದು ಎಂಬ ಪ್ರಶ್ನೆಗಳನ್ನು ನಮ್ಮ ಪೂರ್ವಿಕರು ಸಾವಿರ ವರ್ಷಗಳ ಹಿಂದೆಯೇ ಎದುರಿಸಿದ್ದರು. ಅವರು ಕಂಡುಕೊಂಡ ಉತ್ತರಗಳು ಇಂದಿಗೂ ನಮಗೆ ದಾರಿ ತೋರಿಸಬಲ್ಲವು.

ಬದ್ರ್‌ನ ಕೈದಿಗಳು

ಕ್ರಿ.ಶ. 624ರಲ್ಲಿ, ಅಂದರೆ ಹಿಜರಿ ಎರಡನೆಯ ವರ್ಷ, ಬದ್ರ್ ಯುದ್ಧ ನಡೆಯಿತು. ಮಕ್ಕಾದ ಹಲವರು ಮುಸ್ಲಿಮರ ಕೈಗೆ ಸೆರೆ ಸಿಕ್ಕರು. ಶ್ರೀಮಂತರು ಬಿಡುಗಡೆಯ ಹಣ ಕೊಟ್ಟು ಹೊರಟುಹೋದರು. ಹಣವಿಲ್ಲದೆ ಓದು ಬರಹ ಮಾತ್ರ ಬಲ್ಲವರಿಗೆ ಪ್ರವಾದಿ ಮುಹಮ್ಮದ್(ಸ)ರವರು ಬೇರೊಂದು ಷರತ್ತು ವಿಧಿಸಿದರು. ಪ್ರತಿಯೊಬ್ಬ ಕೈದಿಯೂ ಮದೀನಾದ ಹತ್ತು ಮಕ್ಕಳಿಗೆ ಬರವಣಿಗೆ ಕಲಿಸಬೇಕು. ಮಕ್ಕಳು ಕಲಿತ ದಿನ ಆತ ಸ್ವತಂತ್ರ.

ಈ ಘಟನೆಯನ್ನು ನಾವು ಭಾಷಣಗಳಲ್ಲಿ ಹಲವು ಬಾರಿ ಕೇಳಿದ್ದೇವೆ. ಆದರೆ ಅದರಲ್ಲಿರುವ ಮೂರು ಅಂಶಗಳನ್ನು ಗಮನಿಸುವುದು ಕಡಿಮೆ. ಮೊದಲನೆಯದು, ಶಿಕ್ಷಕ ಅನ್ಯಮತೀಯನಷ್ಟೇ ಅಲ್ಲ, ನಿನ್ನೆಯವರೆಗೆ ಕತ್ತಿ ಹಿಡಿದು ಎದುರು ನಿಂತಿದ್ದ ಶತ್ರು. ವಿದ್ಯೆ ಯಾರಲ್ಲಿದೆಯೋ ಅವರಿಂದ ಕಲಿಯುವುದಕ್ಕೆ ಅದು ಅಡ್ಡಿಯಾಗಲಿಲ್ಲ. ಎರಡನೆಯದು, ಒಬ್ಬ ಶಿಕ್ಷಕನಿಗೆ ಹತ್ತೇ ಮಕ್ಕಳು. ಮೂರನೆಯದು, ಶಿಕ್ಷಕನ ಕೆಲಸ ಮುಗಿಯುವುದು ಪಾಠ ಮಾಡಿದಾಗಲ್ಲ, ಮಕ್ಕಳು ಕಲಿತಾಗ.

ಅನ್ಸಾರಿ ಯುವಕ ಝೈದ್ ಬಿನ್ ಸಾಬಿತ್(ರ) ಈ ಕೈದಿಗಳಿಂದ ಬರವಣಿಗೆ ಕಲಿತವರಲ್ಲಿ ಒಬ್ಬರೆಂದು ಚರಿತ್ರೆಯ ವರದಿಗಳು ಹೇಳುತ್ತವೆ. ಮುಂದೆ ಅವರು ಪ್ರವಾದಿ(ಸ)ರವರ ಆದೇಶದಂತೆ ಯಹೂದಿಯರ ಲಿಪಿಯನ್ನೂ ಸುಮಾರು ಹದಿನೈದು ದಿನಗಳಲ್ಲಿ ಕಲಿತರು. ಪ್ರವಾದಿ(ಸ)ರವರ ನಿಧನಾನಂತರ ಖಲೀಫ ಅಬೂಬಕರ್(ರ)ರವರ ಕಾಲದಲ್ಲಿ ಪವಿತ್ರ ಕುರ್‌ಆನಿನ ಲಿಖಿತ ಸಂಗ್ರಹದ ಮಹತ್ಕಾರ್ಯ ಅವರಿಗೇ ವಹಿಸಲ್ಪಟ್ಟಿತು.

ಎರಡು ತಿಂಗಳು ಕಾದು ನೋಡು

ಗುರುವನ್ನು ಆರಿಸುವುದು ಹೇಗೆ? ಈ ಪ್ರಶ್ನೆಗೆ ನೇರವಾಗಿ ಉತ್ತರ ಕೊಟ್ಟ ಗ್ರಂಥವೆಂದರೆ ಬುರ್‌ಹಾನುದ್ದೀನ್ ಝರ್ನೂಜಿಯವರ ‘ತಅ್‌ಲೀಮುಲ್ ಮುತಅಲ್ಲಿಮ್’. ಕ್ರಿ.ಶ. 1200ರ ಸುಮಾರಿಗೆ ರಚಿತವಾದ ಈ ಪುಟ್ಟ ಗ್ರಂಥವನ್ನು ಅರಬಿ ಮದ್ರಸಗಳಲ್ಲಿ ಶತಮಾನಗಳಿಂದ ಓದಿಸುತ್ತ ಬಂದಿದ್ದಾರೆ.

ಗುರು ಹೆಚ್ಚು ಬಲ್ಲವನಾಗಿರಬೇಕು, ದೇವಭಯವುಳ್ಳವನಾಗಿರಬೇಕು, ಅನುಭವದಲ್ಲಿ ಹಿರಿಯನಾಗಿರಬೇಕು ಎಂಬುದು ಝರ್ನೂಜಿಯವರ ಮಾತಿನ ಸಾರ. ಜ್ಞಾನಿಯೊಬ್ಬರು ಶಿಷ್ಯನಿಗೆ ಕೊಟ್ಟ ಸಲಹೆಯನ್ನೂ ಅವರು ದಾಖಲಿಸಿದ್ದಾರೆ: ಬುಖಾರಾಕ್ಕೆ ಹೋದಾಗ ಅವಸರಪಟ್ಟು ಯಾರ ಬಳಿಯೂ ಪಾಠಕ್ಕೆ ಕೂರಬಾರದು, ಎರಡು ತಿಂಗಳು ವಿಚಾರಿಸಿ ಯೋಚಿಸಿ ಆಮೇಲೆ ಆರಿಸಿಕೊಳ್ಳಬೇಕು. ಏಕೆಂದರೆ ಒಬ್ಬರ ಬಳಿ ಆರಂಭಿಸಿ ಅರ್ಧದಲ್ಲೇ ಬಿಟ್ಟು ಇನ್ನೊಬ್ಬರ ಬಳಿಗೆ ಓಡಿದರೆ ಆ ಕಲಿಕೆಯಲ್ಲಿ ಬರಕತ್ ಇರುವುದಿಲ್ಲ. ಆರಿಸುವಾಗ ನಿಧಾನ, ಆರಿಸಿದ ಮೇಲೆ ಸ್ಥಿರತೆ ಇರಬೇಕೆಂಬುದೇ ಇದರ ತಾತ್ಪರ್ಯ. ಇಮಾಮ್ ಅಬೂಹನೀಫಾ(ರ) ಹಾಗೆಯೇ ಮಾಡಿದರು. ಚೆನ್ನಾಗಿ ಯೋಚಿಸಿ ಕೂಫಾದ ಹಮ್ಮಾದ್ ಬಿನ್ ಅಬೀ ಸುಲೈಮಾನ್‌ರನ್ನು ಆರಿಸಿಕೊಂಡರು. ಗುರು ತೀರಿಕೊಳ್ಳುವವರೆಗೂ ಸುಮಾರು ಹದಿನೆಂಟು ವರ್ಷ ಅವರ ಬಳಿಯಲ್ಲೇ ಉಳಿದರು.

ಇನ್ನು ಬಡತನದ ಪ್ರಶ್ನೆ. ಇಮಾಮ್ ಅಬೂಹನೀಫಾರ ಪಾಠಕ್ಕೆ ಅಬೂಯೂಸುಫ್ ಎಂಬ ಬಡ ಹುಡುಗ ಬರುತ್ತಿದ್ದ. ಹೊಟ್ಟೆಪಾಡಿಗಾಗಿ ದುಡಿಯಲು ಹೋಗೆಂದು ಮನೆಯವರು ಆತನನ್ನು ಪಾಠದಿಂದ ಬಿಡಿಸಿದರು. ಶಿಷ್ಯ ಕಾಣದಿದ್ದಾಗ ಗುರುವೇ ವಿಚಾರಿಸಿದರು. ಕಾರಣ ತಿಳಿದ ಮೇಲೆ ನೂರು ದಿರ್ಹಮ್‌ಗಳ ಚೀಲವೊಂದನ್ನು ಕೈಗಿತ್ತು, ಇದು ಮುಗಿದಾಗ ತಿಳಿಸು, ಪಾಠ ಮಾತ್ರ ಬಿಡಬೇಡ ಎಂಬರ್ಥದ ಮಾತು ಹೇಳಿದರು. ಆಮೇಲೆ ಅಬೂಯೂಸುಫ್ ಕೇಳುವ ಸಂದರ್ಭವೇ ಬರಲಿಲ್ಲವಂತೆ. ಹಣ ಮುಗಿಯುವ ಹೊತ್ತಿಗೆ ಮತ್ತೊಂದು ಚೀಲ ಬರುತ್ತಿತ್ತು. ಆ ಬಡ ಹುಡುಗನೇ ಮುಂದೆ ಅಬ್ಬಾಸೀ ಸಾಮ್ರಾಜ್ಯದ ಪ್ರಧಾನ ಕಾಜಿಯಾದರು, ತೆರಿಗೆ ಮತ್ತು ಆಡಳಿತದ ಬಗ್ಗೆ ‘ಕಿತಾಬುಲ್ ಖರಾಜ್’ ಎಂಬ ಗ್ರಂಥವನ್ನು ಖಲೀಫ ಹಾರೂನ್ ರಶೀದ್‌ಗಾಗಿ ಬರೆದರು. ಗುರುವಾದವರು ಬಿಟ್ಟುಹೋದ ಶಿಷ್ಯನನ್ನು ವಿಚಾರಿಸದೆ ಇದ್ದಿದ್ದರೆ ಲೋಕ ಒಬ್ಬ ಮಹಾ ನ್ಯಾಯಶಾಸ್ತ್ರಜ್ಞನನ್ನು ಕಳೆದುಕೊಳ್ಳುತ್ತಿತ್ತು.

ಪಾಠಕ್ಕೆ ಹಣ ಪಡೆಯಬಹುದೇ ಎಂಬ ಬಗ್ಗೆಯೂ ವಿದ್ವಾಂಸರಲ್ಲಿ ದೀರ್ಘ ಚರ್ಚೆ ನಡೆದಿದೆ. ಕುರ್‌ಆನ್ ಕಲಿಸಲು ವೇತನ ಪಡೆಯುವುದನ್ನು ಆರಂಭದ ಹನಫೀ ವಿದ್ವಾಂಸರು ಒಪ್ಪಲಿಲ್ಲ. ವೇತನವಿಲ್ಲದಿದ್ದರೆ ಕಲಿಸುವವರೇ ಇಲ್ಲದಂತಾದೀತು ಎಂಬುದನ್ನು ಕಂಡ ನಂತರದವರು ಅದಕ್ಕೆ ಅನುಮತಿ ಕೊಟ್ಟರು. ಶಿಕ್ಷಕನೂ ಮನೆ ಮಠ ಉಳ್ಳವನು ಎಂಬುದನ್ನು ಅವರು ಮರೆಯಲಿಲ್ಲ.

ಅರಮನೆಯ ಉಸ್ತಾದರು

ಬಗ್ದಾದಿನಲ್ಲಿ ಮನೆಗೆ ಬಂದು ಪಾಠ ಹೇಳುವ ಶಿಕ್ಷಕರಿಗೆ ‘ಮುಅದ್ದಿಬ್’ ಎಂಬ ಹೆಸರಿತ್ತು. ‘ಅದಬ್’ ಎಂಬ ಶಬ್ದದಿಂದ ಬಂದ ಪದವಿದು. ಸಾಹಿತ್ಯವನ್ನೂ ಸಂಸ್ಕಾರವನ್ನೂ ಒಟ್ಟಿಗೆ ಕಲಿಸುವವನು ಎಂದರ್ಥ. ಏಳು ಪ್ರಸಿದ್ಧ ಕುರ್‌ಆನ್ ಪಠಣಕಾರರಲ್ಲಿ ಒಬ್ಬರಾದ ವ್ಯಾಕರಣ ಪಂಡಿತ ಅಲ್ ಕಿಸಾಈ, ಹಾರೂನ್ ರಶೀದರ ಮಕ್ಕಳಾದ ಅಮೀನ್ ಮತ್ತು ಮಾಮೂನರಿಗೆ ಪಾಠ ಹೇಳಿದರು.

ಅಮೀನನ ಇನ್ನೊಬ್ಬ ಶಿಕ್ಷಕರಾದ ಅಲ್ ಅಹ್ಮರ್‌ಗೆ ಹಾರೂನ್ ರಶೀದ್ ಕೊಟ್ಟ ಸೂಚನೆಗಳನ್ನು ಇತಿಹಾಸಕಾರ ಇಬ್ನ್ ಖಲ್ದೂನ್ ಉಳಿಸಿಕೊಟ್ಟಿದ್ದಾರೆ. ಕುರ್‌ಆನ್, ಚರಿತ್ರೆ, ಕಾವ್ಯ ಮತ್ತು ಸುನ್ನತ್ತುಗಳನ್ನು ಕಲಿಸಬೇಕು. ಯಾವ ಸಂದರ್ಭದಲ್ಲಿ ಹೇಗೆ ಮಾತನಾಡಬೇಕೆಂಬ ಅರಿವು ಮೂಡಿಸಬೇಕು. ಒಂದು ಗಳಿಗೆಯನ್ನೂ ವ್ಯರ್ಥವಾಗಲು ಬಿಡಬಾರದು, ಹಾಗೆಂದು ಮಗುವಿನ ಮನಸ್ಸು ಸಾಯುವಷ್ಟು ದುಃಖಪಡಿಸಲೂ ಬಾರದು. ಮೊದಲು ಮೃದುವಾಗಿ ತಿದ್ದಬೇಕು, ಅದಕ್ಕೆ ಬಗ್ಗದಿದ್ದರೆ ಮಾತ್ರ ಬಿಗಿಯಾಗಬೇಕು. ಟ್ಯೂಷನ್‌ಗೆ ಮಕ್ಕಳನ್ನು ಕಳುಹಿಸುವಾಗ ಎಷ್ಟು ಮಂದಿ ಹೆತ್ತವರು ಶಿಕ್ಷಕರೊಡನೆ ಇಷ್ಟು ಮಾತನಾಡುತ್ತಾರೆ? ಫೀಸು ಎಷ್ಟು, ಎಷ್ಟು ಮಾರ್ಕು ಬರುತ್ತದೆ ಎಂಬಲ್ಲಿಗೆ ನಮ್ಮ ಮಾತು ಮುಗಿದುಹೋಗುತ್ತದೆ.

ಬುಖಾರಾದ ಬಾಲಕ

ಕ್ರಿ.ಶ. 980ರಲ್ಲಿ ಬುಖಾರಾದ ಬಳಿ ಜನಿಸಿದ ಇಬ್ನ್ ಸೀನಾ ತಮ್ಮ ಬಾಲ್ಯದ ಕಲಿಕೆಯ ವೃತ್ತಾಂತವನ್ನು ತಾವೇ ಹೇಳಿಕೊಂಡಿದ್ದಾರೆ. ತಂದೆ ಅವರನ್ನು ಭಾರತೀಯ ಅಂಕಗಣಿತ ಕಲಿಯಲು ತರಕಾರಿ ವ್ಯಾಪಾರಿಯೊಬ್ಬನ ಬಳಿಗೆ ಕಳುಹಿಸಿದರು. ಲೆಕ್ಕದಲ್ಲಿ ಆತ ನಿಪುಣ, ಅಷ್ಟು ಸಾಕಾಗಿತ್ತು. ಫಿಕ್ಹ್ ಕಲಿಯಲು ಇನ್ನೊಬ್ಬ ಗುರು. ಆಮೇಲೆ ತತ್ವಶಾಸ್ತ್ರ ಬಲ್ಲ ನಾತಿಲೀ ಎಂಬವರು ಊರಿಗೆ ಬಂದಾಗ ತಂದೆ ಅವರನ್ನು ಮನೆಯಲ್ಲೇ ಇರಿಸಿಕೊಂಡು ಮಗನಿಗೆ ಪಾಠ ಹೇಳಿಸಿದರು.

ಯೂಕ್ಲಿಡನ ರೇಖಾಗಣಿತದ ಮೊದಲ ಐದಾರು ಪ್ರಮೇಯಗಳನ್ನು ಗುರುವಿನಿಂದ ಕಲಿತು ಉಳಿದ ಇಡೀ ಗ್ರಂಥವನ್ನು ಹುಡುಗ ಸ್ವಂತ ಬಿಡಿಸಿದ. ಒಳ್ಳೆಯ ಟ್ಯೂಷನ್ನಿನ ಲಕ್ಷಣವೇ ಇದು: ಸ್ವಲ್ಪ ಕಾಲದ ನಂತರ ಅದರ ಅಗತ್ಯ ತಪ್ಪಬೇಕು. ಆದರೆ ಇಬ್ನ್ ಸೀನಾರಂತಹ ಪ್ರತಿಭಾವಂತರಿಗೂ ಒಂದು ಕಡೆ ತಡೆಯಾಯಿತು. ಅರಿಸ್ಟಾಟಲನ ಅತಿಭೌತ ಶಾಸ್ತ್ರವನ್ನು ನಲವತ್ತು ಬಾರಿ ಓದಿದರೂ ಅರ್ಥವಾಗಲಿಲ್ಲ. ಕೊನೆಗೆ ಪುಸ್ತಕದ ಪೇಟೆಯಲ್ಲಿ ಮೂರು ದಿರ್ಹಮಿಗೆ ಸಿಕ್ಕ ಅಲ್ ಫಾರಾಬೀಯವರ ಸಣ್ಣ ವಿವರಣಾ ಗ್ರಂಥ ಆ ಬಾಗಿಲನ್ನು ತೆರೆಯಿತು. ಫಾರಾಬೀ ಕ್ರಿ.ಶ. 950ರಲ್ಲೇ ತೀರಿಹೋಗಿದ್ದರು. ಗುರು ಸಿಗದ ಕಡೆ ಒಳ್ಳೆಯ ಪುಸ್ತಕವೂ ಗುರುವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇಬ್ನ್ ಖಲ್ದೂನರ ಎಚ್ಚರಿಕೆ

ಶಿಕ್ಷಣದ ಬಗ್ಗೆ ಅತ್ಯಂತ ಆಳವಾಗಿ ಯೋಚಿಸಿದವರು ಟ್ಯೂನಿಸ್‌ನ ಇಬ್ನ್ ಖಲ್ದೂನ್ (1332-1406). 1377ರಲ್ಲಿ ಬರೆದ ‘ಮುಕದ್ದಿಮ’ದಲ್ಲಿ ಅವರು ಹೇಳಿರುವ ಕೆಲವು ಮಾತುಗಳನ್ನು ನೋಡೋಣ.

ಒಂದು, ವಿಷಯವನ್ನು ಮೂರು ಸುತ್ತಿನಲ್ಲಿ ಕಲಿಸಬೇಕು. ಮೊದಲು ಮುಖ್ಯಾಂಶ, ನಂತರ ವಿವರ ಮತ್ತು ಭಿನ್ನಾಭಿಪ್ರಾಯ, ಕೊನೆಗೆ ಕಠಿಣ ಸಮಸ್ಯೆಗಳು. ಎರಡು, ವಿದ್ಯಾರ್ಥಿಯ ಮೇಲೆ ಏಕಕಾಲದಲ್ಲಿ ಎರಡು ಶಾಸ್ತ್ರಗಳನ್ನು ಹೇರಬಾರದು. ಮನಸ್ಸು ಹರಿದು ಹಂಚಿಹೋಗಿ ಎರಡೂ ದಕ್ಕದೇ ಹೋಗುತ್ತವೆ. ಸಂಜೆ ನಾಲ್ಕರಿಂದ ರಾತ್ರಿ ಒಂಬತ್ತರವರೆಗೆ ನಾಲ್ಕು ಟ್ಯೂಷನ್‌ಗಳಿಗೆ ಮಕ್ಕಳನ್ನು ಅಟ್ಟುವವರು ಇದನ್ನು ಯೋಚಿಸಬೇಕು. ಮೂರು, ಸಂಕ್ಷಿಪ್ತ ಕೈಪಿಡಿಗಳ ಹಾವಳಿಯಿಂದ ಕಲಿಕೆಗೆ ಹಾನಿಯಾಗುತ್ತದೆ. ಅಂದಿನ ಕೈಪಿಡಿ ಎಂದರೆ ಇಂದಿನ ಗೈಡು. ನಾಲ್ಕು, ಹೊಡೆದು ಬಡಿದು ಕಲಿಸಿದರೆ ಮಗು ಸುಳ್ಳು ಮತ್ತು ಕಪಟವನ್ನು ಕಲಿಯುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಐದನೆಯದು. ಮೊರಾಕ್ಕೋದಲ್ಲಿ ವಿದ್ಯಾರ್ಥಿಗಳು ಮದ್ರಸದಲ್ಲಿ ಹದಿನಾರು ವರ್ಷ ಇರುತ್ತಾರೆ, ಟ್ಯೂನಿಸ್‌ನಲ್ಲಿ ಐದೇ ವರ್ಷ. ಆದರೂ ಮೊರಾಕ್ಕೋದವರು ಹಿಂದುಳಿದಿದ್ದಾರೆ. ಕಾರಣವೇನು? ಅವರು ಪಾಠದ ಸಭೆಯಲ್ಲಿ ಬಾಯಿ ತೆರೆಯದೆ ಕೂರುತ್ತಾರೆ, ಬಾಯಿಪಾಠ ಮಾಡುತ್ತಾರೆ, ಚರ್ಚಿಸುವುದಿಲ್ಲ. ವಿದ್ಯೆ ಎನ್ನುವುದು ನೆನಪಿನ ಸಂಗ್ರಹವಲ್ಲ, ಅಭ್ಯಾಸದಿಂದ ಮೈಗೂಡುವ ಒಂದು ಶಕ್ತಿ. ಅದನ್ನು ಪಡೆಯುವ ಸುಲಭ ಮಾರ್ಗ ಮಾತನಾಡುವುದು, ವಾದಿಸುವುದು ಎಂಬುದು ಅವರ ನಿಲುವು. ಪ್ರಬಂಧ ಬರೆಯಲು ಹೆದರುವ ನಮ್ಮ ವಿದ್ಯಾರ್ಥಿಗಳ ರೋಗವೂ ಇದೇ. ಹನ್ನೆರಡು ವರ್ಷ ನೋಟ್ಸ್ ನಕಲು ಮಾಡಿದ ಕೈ, ಹದಿಮೂರನೆಯ ವರ್ಷ ಸ್ವಂತ ಒಂದು ಪುಟ ಬರೆಯಬೇಕಾದಾಗ ನಡುಗುತ್ತದೆ.

ಬೀದರಿನ ಪಾಠ

ಬರವಣಿಗೆಯನ್ನೇ ಒಂದು ಶಾಸ್ತ್ರವಾಗಿ ಕಲಿಸಿದ ಪರಂಪರೆ ನಮ್ಮ ಕರ್ನಾಟಕದ ನೆಲದಲ್ಲೂ ಇತ್ತು. ಇರಾನಿನ ಗಿಲಾನ್ ಪ್ರಾಂತದಿಂದ 1453ರ ಸುಮಾರಿಗೆ ವ್ಯಾಪಾರಿಯಾಗಿ ದಖ್ಖನಿಗೆ ಬಂದ ಮಹಮೂದ್ ಗವಾನ್, ಬಹಮನಿ ರಾಜ್ಯದ ಪ್ರಧಾನಮಂತ್ರಿಯಾದರು. 1472ರಲ್ಲಿ ಬೀದರಿನಲ್ಲಿ ಅವರು ಕಟ್ಟಿಸಿದ ಮದ್ರಸ ಮೂರು ಅಂತಸ್ತಿನದು. ಅದರಲ್ಲಿ ಮಸೀದಿ, ಪಾಠದ ಕೋಣೆಗಳು, ಗ್ರಂಥಾಲಯ, ಶಿಕ್ಷಕರಿಗೂ ವಿದ್ಯಾರ್ಥಿಗಳಿಗೂ ವಾಸದ ಕೊಠಡಿಗಳಿದ್ದವು. ಗ್ರಂಥಾಲಯದಲ್ಲಿ 3000 ಹಸ್ತಪ್ರತಿಗಳಿದ್ದವೆಂದು ಪ್ರತೀತಿ. ನೀಲಿ ಹಸಿರು ಹೆಂಚುಗಳ ಅಲಂಕಾರ ಅಳಿದುಳಿದಿರುವ ಆ ಕಟ್ಟಡವನ್ನು, ಅದರ ಒಂಟಿ ಮಿನಾರನ್ನು ಇಂದಿಗೂ ನೋಡಬಹುದು.

ಗವಾನ್ ಸ್ವತಃ ದೊಡ್ಡ ಬರಹಗಾರರು. ‘ಮನಾಝಿರುಲ್ ಇನ್ಶಾ’ ಎಂಬ ಅವರ ಪಾರಸಿ ಗ್ರಂಥ ಬರವಣಿಗೆಯ, ಅದರಲ್ಲೂ ಪತ್ರಲೇಖನದ ಕೈಪಿಡಿ. ‘ರಿಯಾಝುಲ್ ಇನ್ಶಾ’ ಅವರ ಪತ್ರಗಳ ಸಂಗ್ರಹ. ಹಿರಾತಿನ ಮಹಾಕವಿ ಜಾಮಿಯೊಂದಿಗೆ ಅವರಿಗೆ ಪತ್ರವ್ಯವಹಾರವಿತ್ತು.

ಇಂತಹ ಮನುಷ್ಯನ ಅಂತ್ಯ ಹೇಗಾಯಿತು ನೋಡಿ. ಆಸ್ಥಾನದ ವಿರೋಧಿಗಳು ಗವಾನರ ಮುದ್ರೆ ಕಾಯುತ್ತಿದ್ದ ಗುಲಾಮನನ್ನು ಒಲಿಸಿಕೊಂಡು ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರು. ರಾಜ್ಯದ ಮೇಲೆ ದಂಡೆತ್ತಿ ಬರಲು ಒರಿಸ್ಸಾದ ಅರಸನನ್ನು ಕರೆಯುವ ಪತ್ರವನ್ನು ಅದರ ಮೇಲೆ ಬರೆದು ಸುಲ್ತಾನನಿಗೆ ತೋರಿಸಿದರು. ಮುದ್ರೆ ತನ್ನದೇ, ಆದರೆ ಬರಹ ತನ್ನದಲ್ಲ ಎಂದು ಆ ವಯೋವೃದ್ಧರು ಹೇಳಿದ್ದನ್ನು ಮೂರನೆಯ ಮುಹಮ್ಮದ್ ಶಾ ಕೇಳಲಿಲ್ಲ. 1481ರ ಏಪ್ರಿಲ್ ತಿಂಗಳಲ್ಲಿ ಅವರ ತಲೆ ಕಡಿಯಲಾಯಿತು. ನಿಜ ತಿಳಿದು ಪಶ್ಚಾತ್ತಾಪಪಟ್ಟ ಸುಲ್ತಾನನೂ ವರ್ಷದೊಳಗೆ ತೀರಿಕೊಂಡ. ರಾಜ್ಯ ಮತ್ತೆ ಚೇತರಿಸಿಕೊಳ್ಳಲಿಲ್ಲ.

ಒಬ್ಬರ ಮುದ್ರೆಯ ಕೆಳಗೆ ಇನ್ನೊಬ್ಬರ ಬರಹ ಎಂತಹ ಅನರ್ಥ ತರಬಲ್ಲದು ಎಂಬುದಕ್ಕೆ ಬೀದರಿನ ಇತಿಹಾಸ ಸಾಕ್ಷಿ. ಗವಾನರ ವಿಷಯದಲ್ಲಿ ಅದನ್ನು ಮಾಡಿದವರು ಶತ್ರುಗಳು. ಇಂದು ಹಣ ಕೊಟ್ಟು ಪ್ರಬಂಧ ಬರೆಸಿಕೊಳ್ಳುವ ವಿದ್ಯಾರ್ಥಿ ಅದನ್ನು ತನಗೆ ತಾನೇ ಮಾಡಿಕೊಳ್ಳುತ್ತಾನೆ.

ಪರದೆಯ ಹಿಂದಿನ ಪಾಠಶಾಲೆ

ಹೆಣ್ಣು ಮಕ್ಕಳಿಗೆ ಹೊರಗಿನ ಶಾಲೆ ಇಲ್ಲದ ಕಾಲದಲ್ಲಿ ಮನೆಪಾಠವೇ ಅವರಿಗಿದ್ದ ಏಕೈಕ ಬಾಗಿಲು. ಶಹಜಹಾನನ ಮಗಳು ಜಹನಾರಾಳಿಗೆ ಕುರ್‌ಆನ್ ಮತ್ತು ಪಾರಸಿ ಕಲಿಸಿದವರು ಸತೀಉನ್ನಿಸಾ ಖಾನಂ. ಇರಾನಿನಿಂದ ಬಂದ ಈ ವಿಧವೆ, ಜಹಾಂಗೀರನ ಆಸ್ಥಾನಕವಿ ತಾಲಿಬ್ ಆಮುಲಿಯ ಸಹೋದರಿ, ವೈದ್ಯವನ್ನೂ ಬಲ್ಲವರು. ಅವರ ಶಿಷ್ಯೆ ಜಹನಾರಾ 1640ರ ಸುಮಾರಿಗೆ ಅಜ್ಮೀರಿನ ಖ್ವಾಜಾ ಮುಈನುದ್ದೀನ್ ಚಿಶ್ತಿಯವರ ಜೀವನ ಚರಿತ್ರೆ ‘ಮೂನಿಸುಲ್ ಅರ್ವಾಹ್’ ಬರೆದಳು.

ಬಂಗಾಳದ ರುಕಯ್ಯಾ ಸಖಾವತ್ ಹುಸೈನ್ (1880-1932) ಅವರಿಗೆ ಅರಮನೆಯ ಉಸ್ತಾದರಿರಲಿಲ್ಲ. ಹೆಣ್ಣು ಮಕ್ಕಳು ಬಂಗಾಳಿ, ಇಂಗ್ಲಿಷ್ ಕಲಿಯುವುದನ್ನು ಆ ಮನೆತನ ಒಪ್ಪುತ್ತಿರಲಿಲ್ಲ. ಅಕ್ಕ ಕರೀಮುನ್ನಿಸಾ ಬಂಗಾಳಿ ಕಲಿಸಿದರು. ಅಣ್ಣ ಇಬ್ರಾಹೀಂ ಸಾಬಿರ್ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ದೀಪದ ಬೆಳಕಿನಲ್ಲಿ ಇಂಗ್ಲಿಷ್ ಕಲಿಸಿದರು. ಹೀಗೆ ಕದ್ದು ಕಲಿತ ಇಂಗ್ಲಿಷಿನಲ್ಲಿ ಅವರು ಬರೆದ ‘ಸುಲ್ತಾನಾಸ್ ಡ್ರೀಮ್’ ಕಥೆ 1905ರಲ್ಲಿ ಮದರಾಸಿನ ಪತ್ರಿಕೆಯಲ್ಲಿ ಅಚ್ಚಾಯಿತು. 1911ರಲ್ಲಿ ಕಲ್ಕತ್ತಾದಲ್ಲಿ ಎಂಟೇ ವಿದ್ಯಾರ್ಥಿನಿಯರೊಂದಿಗೆ ಅವರು ಆರಂಭಿಸಿದ ಶಾಲೆ ಮುಸ್ಲಿಂ ಹೆಣ್ಣು ಮಕ್ಕಳ ಶಿಕ್ಷಣದ ಇತಿಹಾಸವನ್ನೇ ಬದಲಿಸಿತು. ‘ಪದ್ಮರಾಗ’ ಕಾದಂಬರಿಯನ್ನು ಅವರು ಅರ್ಪಿಸಿದ್ದು ಆ ಅಣ್ಣನಿಗೇ. ಮನೆಯಲ್ಲಿ ಓದಿದ ಒಬ್ಬ ಅಣ್ಣನೋ ಅಕ್ಕನೋ ಇದ್ದರೆ ಅವರಿಗಿಂತ ಹತ್ತಿರದ ಟ್ಯೂಟರ್ ಬೇರೆ ಯಾರಿದ್ದಾರೆ?

ಅಂಚೆಯಲ್ಲಿ ಬಂದ ತಿದ್ದುಪಡಿ

ಉರ್ದು ಸಾಹಿತ್ಯದಲ್ಲಿ ‘ಇಸ್ಲಾಹ್’ ಎಂಬ ಪದ್ಧತಿಯಿದೆ. ಶಿಷ್ಯ ತಾನು ಬರೆದದ್ದನ್ನು ಉಸ್ತಾದರಿಗೆ ತೋರಿಸುತ್ತಾನೆ, ಅವರು ತಿದ್ದಿ ಕೊಡುತ್ತಾರೆ. 1854ರಲ್ಲಿ ಬಹಾದುರ್ ಶಾ ಜಫರರ ಕಾವ್ಯಗುರುವಾದ ಮಿರ್ಜಾ ಗಾಲಿಬ್, ದೂರದ ಊರುಗಳ ಶಿಷ್ಯರಿಗೆ ಅಂಚೆಯ ಮೂಲಕವೇ ಇಸ್ಲಾಹ್ ಕೊಡುತ್ತಿದ್ದರು. ಪ್ರಿಯ ಶಿಷ್ಯ ಹರಗೋಪಾಲ್ ತಫ್ತಾರಿಗೆ ಬರೆದ ಪತ್ರಗಳಲ್ಲಿ ಈ ಶಬ್ದ ಇಲ್ಲಿ ಏಕೆ ಸಲ್ಲದು ಎಂದು ಕಾರಣ ಸಹಿತ ವಿವರಿಸುತ್ತಿದ್ದರು. ಪದ್ಯ ಶಿಷ್ಯನದು, ತಿದ್ದುಪಡಿ ಗುರುವಿನದು, ಕಾರಣ ಇಬ್ಬರಿಗೂ ತಿಳಿದದ್ದು.

ಅಲ್ಲಾಮಾ ಇಕ್ಬಾಲ್ ಕೂಡ ಯೌವನದಲ್ಲಿ ತಮ್ಮ ಗಜಲುಗಳನ್ನು ಹೈದರಾಬಾದಿನಲ್ಲಿದ್ದ ದಾಗ್ ದೆಹಲ್ವಿಯವರಿಗೆ ಅಂಚೆಯಲ್ಲಿ ಕಳುಹಿಸಿ ತಿದ್ದಿಸಿಕೊಂಡವರು. ಅವರ ಬಾಲ್ಯದ ಗುರು ಸಿಯಾಲಕೋಟಿನ ಮೌಲವಿ ಮೀರ್ ಹಸನ್. ಇಕ್ಬಾಲರಿಗೆ ಬ್ರಿಟಿಷ್ ಸರಕಾರ ‘ಸರ್’ ಪದವಿ ನೀಡಲು ಮುಂದಾದಾಗ, ಮೊದಲು ತಮ್ಮ ಗುರುವಿಗೆ ಶಂಸುಲ್ ಉಲಮಾ ಬಿರುದು ಸಿಗಬೇಕೆಂದು ಅವರು ಪಟ್ಟು ಹಿಡಿದರು. ಆ ಗುರು ಬರೆದ ಗ್ರಂಥ ಯಾವುದು ಎಂದು ಕೇಳಿದ್ದಕ್ಕೆ, ತಾನೇ ಅವರ ಗ್ರಂಥವೆಂದು ಇಕ್ಬಾಲ್ ಉತ್ತರಿಸಿದರೆಂಬುದು ಪ್ರಸಿದ್ಧ ಸಂಗತಿ.

ನಮ್ಮ ಮುಂದಿರುವ ಕರ್ತವ್ಯ

ಈ ಇತಿಹಾಸದಿಂದ ವಿದ್ಯಾರ್ಥಿ ಮಿತ್ರರು ಗ್ರಹಿಸಬೇಕಾದದ್ದು ಬಹಳಷ್ಟಿದೆ. ಟ್ಯೂಟರನ್ನು ಹುಡುಕುವಾಗ ಜಾಹೀರಾತು ನೋಡಿ ಅವಸರಪಡಬೇಡಿ. ಅವರ ಬಳಿ ಹಿಂದೆ ಕಲಿತವರನ್ನು ವಿಚಾರಿಸಿ. ಯಾವ ವಿಷಯದಲ್ಲಿ, ಯಾವ ಅಧ್ಯಾಯದಲ್ಲಿ ನಿಮಗೆ ತೊಡಕಿದೆ ಎಂದು ಮೊದಲು ನೀವೇ ಗುರುತಿಸಿಕೊಳ್ಳಿ. ಪ್ರಶ್ನೆ ಕೇಳಲು ಬಿಡುವ, ತಪ್ಪಿಗೆ ಕಾರಣ ಹೇಳುವ ಶಿಕ್ಷಕರನ್ನೇ ಆರಿಸಿ. ಪ್ರಬಂಧವಾದರೆ ಮೊದಲ ಕರಡು ನಿಮ್ಮದೇ ಆಗಿರಲಿ, ತಿದ್ದುಪಡಿ ಮಾತ್ರ ಅವರದಾಗಿರಲಿ. ನಾನೇ ಬರೆದುಕೊಡುತ್ತೇನೆ, ಇಷ್ಟು ಹಣ ಕೊಡು ಎನ್ನುವವನು ಗುರುವಲ್ಲ, ವ್ಯಾಪಾರಿ.

ಇದು ನೀತಿಯ ಮಾತು ಮಾತ್ರವಲ್ಲ, ಕಾನೂನಿನ ಮಾತೂ ಹೌದು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2018ರ ನಿಯಮಾವಳಿಯಂತೆ ಸಂಶೋಧನಾ ಪ್ರಬಂಧದಲ್ಲಿ ಶೇ. 10ಕ್ಕಿಂತ ಹೆಚ್ಚು ಕೃತಿಚೌರ್ಯ ಕಂಡುಬಂದರೆ ತಿದ್ದಿ ಮರುಸಲ್ಲಿಸಬೇಕು, ಶೇ. 40 ದಾಟಿದರೆ ಒಂದು ವರ್ಷ ಸಲ್ಲಿಸುವಂತೆಯೇ ಇಲ್ಲ; ಶೇ. 60 ದಾಟಿದರೆ ನೋಂದಣಿಯೇ ರದ್ದು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಹುಡುಗನೊಬ್ಬ ಹೀಗೆ ಹೊರಬಿದ್ದರೆ ಅವನ ಹಿಂದೆ ಬರಲಿದ್ದ ತಮ್ಮ ತಂಗಿಯರ ದಾರಿಯೂ ಮುಚ್ಚುತ್ತದೆ.

ಸಂಘದ ಸದಸ್ಯರಾದ ಹಿರಿಯರಿಗೂ ಒಂದು ವಿನಂತಿ. 2001ರ ಜನಗಣತಿಯಲ್ಲಿ ದೇಶದ ಮುಸ್ಲಿಮರ ಸಾಕ್ಷರತೆ ಶೇ. 59.1 ಮಾತ್ರ ಎಂಬುದನ್ನು 2006ರಲ್ಲಿ ಸಾಚಾರ್ ಸಮಿತಿ ಎತ್ತಿ ತೋರಿಸಿದಾಗ ನಾವೆಲ್ಲ ಕಳವಳಗೊಂಡೆವು. ಆ ಬಳಿಕ ಶಾಲೆಗೆ ಸೇರುವ ಮಕ್ಕಳು ಹೆಚ್ಚಿದ್ದಾರೆ. ಸೇರಿದವರು ಉಳಿಯುವಂತೆ ನೋಡಿಕೊಳ್ಳುವುದು ಈಗಿನ ಕೆಲಸ. ನಮ್ಮಲ್ಲಿ ನಿವೃತ್ತ ಶಿಕ್ಷಕರಿದ್ದಾರೆ, ಇಂಜಿನಿಯರರಿದ್ದಾರೆ, ಪದವಿ ಮುಗಿಸಿ ಮನೆಯಲ್ಲಿರುವ ಸಹೋದರಿಯರಿದ್ದಾರೆ. ವಾರಕ್ಕೆ ಎರಡು ಸಂಜೆ, ಮಸೀದಿಯ ಸಭಾಂಗಣದಲ್ಲೋ ಶಾಲೆಯ ಕೋಣೆಯಲ್ಲೋ, ತಲಾ ಹತ್ತು ಮಕ್ಕಳನ್ನು ವಹಿಸಿಕೊಂಡರೆ ಸಾಕು. ಬದ್ರ್‌ನ ಕೈದಿಗಳಿಗೆ ವಿಧಿಸಿದ್ದೂ ಅಷ್ಟೇ. ಸೆರೆಯಲ್ಲಿದ್ದವರು ಮಾಡಿದ ಕೆಲಸವನ್ನು ಸ್ವತಂತ್ರರಾದ ನಾವು ಮಾಡಲಾರೆವೇ?

ಪಾಠಕ್ಕೆ ಬರುವುದನ್ನು ಯಾವ ಹುಡುಗ ನಿಲ್ಲಿಸಿದ್ದಾನೆ, ಏಕೆ ನಿಲ್ಲಿಸಿದ್ದಾನೆ ಎಂದು ಇಮಾಮ್ ಅಬೂಹನೀಫಾರಂತೆ ವಿಚಾರಿಸುವವರು ಪ್ರತಿ ಮೊಹಲ್ಲಾದಲ್ಲಿ ಒಬ್ಬರಾದರೂ ಇರಲಿ. ಅಲ್ಲಾಹನು ನಮ್ಮೆಲ್ಲರಿಗೂ ಉಪಯುಕ್ತ ಜ್ಞಾನವನ್ನೂ ಅದನ್ನು ಹಂಚುವ ಮನಸ್ಸನ್ನೂ ಕರುಣಿಸಲಿ. ಆಮೀನ್.